ಹದಿನಾಲ್ಕರಲ್ಲಿ ಒಂದು ಬಾಕಿ

ಡಿಸೆಂಬರ್ ಮೂರು, ಮಂಗಳವಾರ. ಬೆಳಗಿನ ಐದು ಗಂಟೆ ಹತ್ತು ನಿಮಿಷ. ಈ ದಿನ ಹಾಕಬೇಕಾದ ಹೆಜ್ಜೆಗಳು ನಾನೂರ ಹನ್ನೆರಡು. ಅವುಗಳಲ್ಲಿ ನೂರ ಎಂಬತ್ತೆಂಟು ಒಬ್ಬ ದಪ್ಪ ಇನ್‌ಸ್ಪೆಕ್ಟರನವು. ನೂರ ನಲವತ್ತು ಅವನ ಹಿಂದೆ ಕುಂಟುತ್ತ ಬರುವ ಪೇದೆಯವು. ಉಳಿದ ಎಂಬತ್ತನಾಲ್ಕು ಒಬ್ಬ ದಾದಿಯವು. ಮೂವರ ಪರವಾಗಿಯೂ ನಡೆಯಬೇಕಾದವರು ಒಬ್ಬರೇ: ಎಪ್ಪತ್ತಾರು ವರ್ಷದ, ಗಂಡಸರ ಎದೆಮಟ್ಟಕ್ಕೂ ಬಾರದ ಒಬ್ಬ ಹೆಂಗಸು. ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು ಹೆಜ್ಜೆಯಮ್ಮ ಎನ್ನುತ್ತಾರೆ.

ಹೆಜ್ಜೆಯಮ್ಮ ಗೋಡೆಯ ಕಪಾಟಿನ ಮುಂದೆ ನಿಂತು ಷೂ ಆರಿಸುತ್ತಿದ್ದಾರೆ. ಕಪಾಟಿನಲ್ಲಿ ನಲವತ್ತೊಂದು ಜೊತೆ ಪಾದರಕ್ಷೆಗಳಿವೆ. ಒಂದೂ ಅವರ ಅಳತೆಯದಲ್ಲ. ಹಳೆಯ ಸೀರೆಯ ಚೂರುಗಳನ್ನು ತುರುಕಿ, ಹಿಮ್ಮಡಿಗೆ ಒಂದು ಸುತ್ತು ಬಟ್ಟೆ ಕಟ್ಟಿಕೊಂಡರೆ ಎಂಟನೆಯ ನಂಬರಿನ ಗಂಡಸರ ಷೂ ಅವರ ಪುಟ್ಟ ಪಾದದ ಮಾತು ಕೇಳುತ್ತದೆ. ಗಾಜಿನ ಆಚೆ ಕುಳಿತ ಧ್ವನಿಮುದ್ರಕ ಆಕಳಿಕೆಯನ್ನು ಅರ್ಧಕ್ಕೆ ತಡೆದು ಕೇಳುತ್ತಾನೆ.

"ಮೊದಲು ಯಾರಮ್ಮಾ? ದಪ್ಪನೋ, ಕುಂಟನೋ?"

"ದಪ್ಪ ಬರಲಪ್ಪಾ. ಮಂಡಿ ಇನ್ನೂ ಎದ್ದಿಲ್ಲ. ಅವನ ಭಾರ ಅದಕ್ಕೆ ಸರಿಹೋಗತ್ತೆ. ಆಮೇಲೆ ನೋವು ಶುರುವಾಗತ್ತಲ್ಲ, ಆಗ ಕುಂಟನ್ನ ಮಾಡಿದ್ರೆ ನಟನೆ ಉಳೀತು."

ಸಿನಿಮಾದಲ್ಲಿ ನಾವು ಕೇಳುವ ಹೆಜ್ಜೆಯ ಸದ್ದು ಬಹುಪಾಲು ನಟರದಲ್ಲ. ಚಿತ್ರೀಕರಣದ ಗದ್ದಲದಲ್ಲಿ ಅದು ದಕ್ಕುವುದಿಲ್ಲ. ಆಮೇಲೆ ಹೀಗೊಂದು ಮುಚ್ಚಿದ ಕೋಣೆಯಲ್ಲಿ, ತೆರೆಯ ಮೇಲಿನ ಚಿತ್ರವನ್ನು ನೋಡುತ್ತ, ಹಲಗೆಯ ಮೇಲೋ ಜಲ್ಲಿ ತುಂಬಿದ ತಟ್ಟೆಯ ಮೇಲೋ ಯಾರಾದರೂ ನಡೆದು ಅದನ್ನು ಕೂಡಿಸಬೇಕು. ಈ ಕೋಣೆಯ ಗೋಡೆ ಹಳೆಯದು. ಆರೂವರೆಗೆ ಮೊದಲ ಸರಕಿನ ಲಾರಿ ಬೀದಿಗಿಳಿಯುತ್ತಲೇ ಗಾಜು ನಡುಗುತ್ತದೆ. ಆದ್ದರಿಂದ ಕೆಲಸಕ್ಕೆ ಸಿಗುವುದು ದಿನಕ್ಕೆ ಎಂಬತ್ತು ನಿಮಿಷ ಮಾತ್ರ.

ತೆರೆಯ ಮೇಲೆ ಇನ್‌ಸ್ಪೆಕ್ಟರ್ ಓಣಿಗೆ ಕಾಲಿಡುತ್ತಾನೆ. ಹೆಜ್ಜೆಯಮ್ಮನ ಕಣ್ಣು ಅವನ ಕಾಲಿನ ಮೇಲಿಲ್ಲ. "ಕಾಲು ನೋಡಿದ್ರೆ ತಡವಾಯ್ತು ಅಂತಲೇ ಲೆಕ್ಕ" ಎಂದು ಅವರು ಆಮೇಲೆ ವಿವರಿಸುತ್ತಾರೆ. "ಹೆಗಲು ನೋಡ್ಬೇಕು. ಮನುಷ್ಯ ಮೊದಲು ಹೆಗಲಲ್ಲಿ ನಡೀತಾನೆ, ಆಮೇಲೆ ಕಾಲಲ್ಲಿ." ಆರೂ ಇಪ್ಪತ್ತೆರಡಕ್ಕೆ ನಾನೂರ ಹನ್ನೆರಡೂ ಮುಗಿದಿವೆ. ಒಂದನ್ನೂ ಎರಡನೆಯ ಸಲ ಹಾಕಬೇಕಾಗಿ ಬಂದಿಲ್ಲ.

ಸ್ಟುಡಿಯೋದ ಬಾಗಿಲಲ್ಲಿ ಒಂದು ಫಲಕವಿದೆ: "ಲೆಕ್ಕ ತಪ್ಪದ ಹೆಜ್ಜೆಗಳು ಇಲ್ಲಿ ದೊರೆಯುತ್ತವೆ." ಮಾಲೀಕರ ತಂದೆ ಬರೆಸಿದ್ದು, ಹೆಜ್ಜೆಯಮ್ಮನನ್ನು ಕುರಿತೇ. ವರ್ಷಕ್ಕೆ ಸರಾಸರಿ ಇನ್ನೂರೈವತ್ತು ದಿನ, ದಿನಕ್ಕೆ ನಾನೂರರಂತೆ ಹಿಡಿದರೆ ವರ್ಷಕ್ಕೆ ಒಂದು ಲಕ್ಷ ಹೆಜ್ಜೆ. ಐವತ್ತನಾಲ್ಕು ವರ್ಷಕ್ಕೆ ಐವತ್ತನಾಲ್ಕು ಲಕ್ಷ. ಅಷ್ಟರಲ್ಲಿ ಒಂದೂ ತಪ್ಪಿಲ್ಲ ಎಂಬುದು ಈ ಕಟ್ಟಡದ ಹೆಮ್ಮೆ. ಫಲಕದ ಕೆಳಗೆ ಹಾದುಹೋಗುವಾಗಲೆಲ್ಲ ಹೆಜ್ಜೆಯಮ್ಮ ತಲೆ ತಗ್ಗಿಸುತ್ತಾರೆ. ವಿನಯವೆಂದು ಇತರರು ತಿಳಿದಿದ್ದಾರೆ.

ಅವರ ತಂದೆ ಬೀದಿಯ ಆ ಬದಿಯಲ್ಲಿ ಷೂ ದುರಸ್ತಿ ಮಾಡುತ್ತಿದ್ದವರು. ಅಟ್ಟೆಯನ್ನು ಬೆರಳಿನಿಂದ ತಟ್ಟಿ, ಸದ್ದಿನಲ್ಲೇ ಅದರ ಸವೆತವನ್ನು ಹೇಳುತ್ತಿದ್ದ ಮನುಷ್ಯ. ಆ ಕಿವಿ ಮಗಳಿಗೆ ಬಂತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ದಿನ, ದುರಸ್ತಿಯಾದ ಆರು ಜೊತೆ ಷೂಗಳನ್ನು ತಲುಪಿಸಲು ಆಕೆ ಈ ಕೋಣೆಗೆ ಬಂದಾಗ ಇಲ್ಲಿ ಗಲಾಟೆ ನಡೆದಿತ್ತು. ಹೆಜ್ಜೆ ಹಾಕುತ್ತಿದ್ದ ಮನುಷ್ಯ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ. ಚಿತ್ರವನ್ನು ಒಪ್ಪಿಸಲು ಉಳಿದಿದ್ದದ್ದು ನಾಲ್ಕು ದಿನ. ನಿರ್ದೇಶಕರು ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು.

"ಇದರ ಹಿಮ್ಮಡಿಗೆ ಲಾಳ ಬಡಿದಿದ್ದೀವಿ ಸಾರ್. ಮರದ ಮೇಲೆ ಹೀಗೆ ಕೇಳಿಸತ್ತೆ" ಎಂದು ಹುಡುಗಿ ಒಂದು ಷೂವಿನೊಳಗೆ ಕೈ ತೂರಿಸಿ ಹಲಗೆಯ ಮೇಲೆ ಎರಡು ಸಲ ಊರಿದಳು. ನಿರ್ದೇಶಕರು ತಲೆಯಿಂದ ಕೈ ತೆಗೆದರು.

ಆ ಚಿತ್ರವನ್ನು ಕಪ್ಪುಬಿಳುಪಿನ ಕಾಲದ ಮೇಲುಮಟ್ಟದ ಮನೋವೈಜ್ಞಾನಿಕ ಚಿತ್ರಗಳಲ್ಲಿ ಒಂದೆಂದು ಇಂದು ಎಣಿಸುತ್ತಾರೆ. ಒಂದು ಕಾದಂಬರಿಯಿಂದ ತೆಗೆದ ಕಥೆ. ಒಬ್ಬ ಗುಮಾಸ್ತ ನ್ಯಾಯಾಲಯದಲ್ಲಿ ಸುಳ್ಳು ಸಾಕ್ಷಿ ಹೇಳುತ್ತಾನೆ: ಕೊಲೆಯಾದ ಸಂಜೆ ತನ್ನ ನೆರೆಯವನು ಮಹಡಿ ಹತ್ತಿದ್ದನ್ನು ಕೇಳಿದೆ, ಹದಿನಾಲ್ಕು ಹೆಜ್ಜೆಗಳನ್ನೂ ಎಣಿಸಿದೆ, ಎಂದು. ಅವನು ಕೇಳಿದ್ದು ಏನೂ ಇಲ್ಲ. ನೆರೆಯವನು ಸೆರೆಯಲ್ಲಿ ಸಾಯುತ್ತಾನೆ. ಅಲ್ಲಿಂದ ಮುಂದೆ ಪ್ರತಿ ಸಂಜೆ ಗುಮಾಸ್ತನಿಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸತೊಡಗುತ್ತದೆ. ಕಾದಂಬರಿಯ ಕೊನೆಯಲ್ಲಿ ಹದಿನಾಲ್ಕನೆಯ ಹೆಜ್ಜೆ ಬೀಳುತ್ತದೆ, ಬಾಗಿಲು ತಾನಾಗಿ ತೆರೆಯುತ್ತದೆ. ಚಿತ್ರದಲ್ಲಿ ಹಾಗಿಲ್ಲ. ಗುಮಾಸ್ತನ ತುಟಿಗಳು ಒಂದೊಂದಾಗಿ ಎಣಿಸುತ್ತವೆ. ಹದಿಮೂರು ಹೆಜ್ಜೆ ಕೇಳಿಸುತ್ತದೆ. ಅವನ ತುಟಿ "ಹದಿನಾಲ್ಕು" ಎನ್ನುತ್ತದೆ, ಸದ್ದಿಲ್ಲ. ಅವನು ಕಾಯುತ್ತಾನೆ. ಥಿಯೇಟರಿಗೆ ಥಿಯೇಟರೇ ಉಸಿರು ಬಿಗಿಹಿಡಿದು ಕಾಯುತ್ತದೆ. ಕಡೆಗೆ ತಾನೇ ಎದ್ದು ಬಾಗಿಲು ತೆರೆದರೆ ಆಚೆ ಯಾರೂ ಇಲ್ಲ. ಅವನು ಆ ಮೆಟ್ಟಿಲುಗಳನ್ನೇ ಇಳಿದು, ನಿಜ ಹೇಳಲು ಪೊಲೀಸ್ ಠಾಣೆಯತ್ತ ನಡೆಯುತ್ತಾನೆ.

ಆ ಕಾಲಕ್ಕೆ ಜನ ಕಾಲನ್ನು ಕುರ್ಚಿಯ ಮೇಲೆ ಮಡಚಿಟ್ಟುಕೊಂಡು ಈ ದೃಶ್ಯ ನೋಡಿದರಂತೆ. ಮನೆಗೆ ಹೋಗಿ ತಂತಮ್ಮ ಮೆಟ್ಟಿಲು ಎಣಿಸಿದರಂತೆ. ಬೀಳದ ಆ ಹೆಜ್ಜೆಯ ಬಗ್ಗೆ ವಿಮರ್ಶಕರು ಬರೆದದ್ದು ಬಹಳ. ಅದು ಪಾಪಪ್ರಜ್ಞೆಯ ಮೌನ ಎಂದವರಿದ್ದಾರೆ. ದೇವರ ಮೌನ ಎಂದವರೂ ಇದ್ದಾರೆ. ಹೆಜ್ಜೆಯಮ್ಮ ಇವನ್ನೆಲ್ಲ ಕತ್ತರಿಸಿ ಒಂದು ಷೂ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಯಾರಿಗೂ ತೋರಿಸಿಲ್ಲ.

ಈ ಮಂಗಳವಾರ ಏಳು ಗಂಟೆಗೆ ಒಬ್ಬರು ಅವರನ್ನು ಹುಡುಕಿಕೊಂಡು ಬರುತ್ತಾರೆ. ಹಳೆಯ ಚಿತ್ರಗಳನ್ನು ಕಾಪಾಡುವ ಒಂದು ಭಂಡಾರದಲ್ಲಿ ದುರಸ್ತಿಯ ಕೆಲಸ ಮಾಡುವ ಹೆಣ್ಣುಮಗಳು. ಕಿವಿಯ ಹಿಂದೆ ಪೆನ್ಸಿಲು, ಕಂಕುಳಲ್ಲಿ ಕಡತ. ಆ ಚಿತ್ರದ ಉಳಿದಿರುವ ಏಕೈಕ ಒಳ್ಳೆಯ ಪ್ರತಿಯನ್ನು ಅವರು ಹದಿನಾಲ್ಕು ತಿಂಗಳಿಂದ ಶುಚಿ ಮಾಡುತ್ತಿದ್ದಾರೆ. ಕೆಲಸ ಒಂದೇ ಪ್ರಶ್ನೆಯ ಬಳಿ ನಿಂತುಹೋಗಿದೆ.

"ನಮ್ಮದೊಂದು ನಿಯಮ ಇದೆ ಅಮ್ಮ" ಎಂದು ದುರಸ್ತಿಗಾರ್ತಿ ಹೇಳುತ್ತಾರೆ. "ಇದ್ದು ಕಳೆದುಹೋಗಿದ್ರೆ ಸೇರಿಸ್ತೀವಿ. ಮೊದಲಿಂದ್ಲೇ ಇಲ್ಲದಿದ್ರೆ ಒಂದು ಚುಕ್ಕೆನೂ ಸೇರಿಸಲ್ಲ. ಆ ಹದಿನಾಲ್ಕನೇ ಹೆಜ್ಜೆ ಎಲ್ಲಿ ಹೋಯ್ತು ಅನ್ನೋದು ನಂಗೆ ಬೇಕು."

"ನಿರ್ದೇಶಕರು ಹೇಳಿಲ್ವಾ?"

"ಹೇಳಿದ್ದಾರೆ. ಅದೇ ಕಷ್ಟ. ಒಂದು ಭಾಷಣದಲ್ಲಿ, ಆರು ರಾತ್ರಿ ನಿದ್ದೆಗೆಟ್ಟು ಯೋಚಿಸಿ ನಾನೇ ಅದನ್ನ ತೆಗೆದೆ ಅಂತಾರೆ. ಇನ್ನೊಂದು ಪತ್ರದಲ್ಲಿ, ಫಿಲಂ ತೊಳೆಯೋ ಪ್ರಯೋಗಾಲಯದೋರು ನನ್ನ ಹೆಜ್ಜೆ ನುಂಗಿಹಾಕಿದ್ರು ಅಂತ ಬೈದಿದ್ದಾರೆ. ಈಗ ಅವರಿಲ್ಲ. ಅವತ್ತು ಕೋಣೆಲಿದ್ದೋರಲ್ಲಿ ಉಳಿದಿರೋದು ನೀವೊಬ್ರೇ."

ಹೆಜ್ಜೆಯಮ್ಮ ಕಾಲಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಅಂಚಿಗೆ ಅಂಚು ಕೂಡಿಸಿ ಮಡಚುತ್ತಾರೆ.

"ಪ್ರಯೋಗಾಲಯದಲ್ಲಿ ಕಳೆದಿದ್ದು ಅಂತಾದ್ರೆ ಇನ್ನೂ ಸುಲಭ" ಎಂದು ದುರಸ್ತಿಗಾರ್ತಿ ಮುಂದುವರಿಸುತ್ತಾರೆ. "ಅದೇ ಷೂ ನಿಮ್ಮ ಹತ್ರ ಇದೆಯಂತಲ್ಲ. ನೀವೇ ಒಂದು ಹೆಜ್ಜೆ ಹಾಕಿಕೊಟ್ರೆ ಮುಗೀತು. ಐವತ್ತನಾಲ್ಕು ವರ್ಷದ ಕೊರತೆ ಒಂದು ಸೆಕೆಂಡಲ್ಲಿ ತೀರಿಹೋಗತ್ತೆ."

ಲಾಳದ ಷೂ ಕಪಾಟಿನ ಮೇಲಿನ ಅಂತಸ್ತಿನಲ್ಲೇ ಇದೆ. ಹೆಜ್ಜೆಯಮ್ಮನ ಕಣ್ಣು ಒಮ್ಮೆ ಅಲ್ಲಿಗೆ ಹೋಗಿ ಬರುತ್ತದೆ. ಗುರುವಾರ ಹೇಳುವುದಾಗಿ ಮಾತುಕೊಟ್ಟು ಅವರು ಎದ್ದು ನಿಲ್ಲುತ್ತಾರೆ.

ದುರಸ್ತಿಗಾರ್ತಿ ಹೋದ ಮೇಲೆ ಧ್ವನಿಮುದ್ರಕ ಗಾಜಿನ ಕೋಣೆಯಿಂದ ಹೊರಗೆ ಬರುತ್ತಾನೆ. ಹನ್ನೊಂದು ವರ್ಷದಿಂದ ಈ ಮುದುಕಿಯ ಉಸಿರನ್ನೂ ಯಂತ್ರದಲ್ಲಿ ಕೇಳುತ್ತಿರುವವನು; ಅವರ ಮೌನದ ಅರ್ಥ ಅವನಿಗೆ ತಿಳಿಯದೆ ಇಲ್ಲ.

"ಏನೋ ಇದೆ. ಏನಿದ್ರೂ ಹೇಳ್ಬೇಡಿ ಅಮ್ಮಾ. ನಿರ್ದೇಶಕರೇ ತೆಗೆದ್ರು ಅಂದ್ಬಿಡಿ. ಸಿನಿಮಾ ಹಾಗೇ ಉಳಿಯತ್ತೆ, ನೀವೂ ಉಳೀತೀರ. ಮಾಲೀಕರು ಒಂದು ನೆಪಕ್ಕೆ ಕಾಯ್ತಾ ಇದ್ದಾರೆ."

ಅವನ ಆತಂಕಕ್ಕೆ ಆಧಾರವಿದೆ. ಒಂಬತ್ತು ಸಾವಿರ ಸಿದ್ಧ ಹೆಜ್ಜೆಗಳಿರುವ ಯಂತ್ರವೊಂದನ್ನು ಮಾಲೀಕರು ಕಳೆದ ವರ್ಷ ತರಿಸಿದ್ದಾರೆ. ಗುಂಡಿ ಒತ್ತಿದರೆ ಮರಳು, ಗುಂಡಿ ಒತ್ತಿದರೆ ಕಲ್ಲು. ಆರು ಜನ ಹೆಜ್ಜೆ ಹಾಕುತ್ತಿದ್ದ ಈ ಕೋಣೆಯಲ್ಲಿ ಈಗ ಹೆಜ್ಜೆಯಮ್ಮ ಒಬ್ಬರೇ ಉಳಿದಿದ್ದಾರೆ. ಅದೂ, ಯಂತ್ರದ ಲೆಕ್ಕ ತಪ್ಪುತ್ತದೆ, ಅವರದು ತಪ್ಪುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಎಡಮಂಡಿಯ ಚಿಪ್ಪು ಸವೆದು ಏಳು ವರ್ಷವಾಗಿದೆ. ವೈದ್ಯರು ಮೆಟ್ಟಿಲು ಹತ್ತಬಾರದು ಎಂದಿದ್ದಾರೆ. "ಹತ್ತಲ್ಲ ಡಾಕ್ಟ್ರೇ, ಹತ್ತಿದ ಸದ್ದು ಮಾಡ್ತೀನಿ ಅಷ್ಟೆ" ಎಂದು ಇವರು ಉತ್ತರ ಕೊಟ್ಟು ಬಂದಿದ್ದಾರೆ. ಮನೆಯಲ್ಲಿ ಕೂತರೆ ಕಾಲು ಮರಗಟ್ಟುತ್ತದೆ ಎಂಬುದು ಅವರ ನಿಜವಾದ ಭಯ.

ಮನೆ ಎರಡು ಕೋಣೆಯದು, ಒಂದನೆಯ ಮಹಡಿಯಲ್ಲಿ. ಪತಿ ಲಿಫ್ಟ್ ನಡೆಸುವ ಕೆಲಸದಿಂದ ನಿವೃತ್ತರಾದವರು. ಸ್ಟುಡಿಯೋದ ಪಕ್ಕದ ಎತ್ತರದ ಕಟ್ಟಡದ ಲಿಫ್ಟಿನಲ್ಲಿ ಅವರಿದ್ದರು. ಮೆಟ್ಟಿಲಿನವಳು ಲಿಫ್ಟಿನವನನ್ನು ಕಟ್ಟಿಕೊಂಡಳು ಎಂಬ ತಮಾಷೆ ಇನ್ನೂ ಹಳಸಿಲ್ಲ. ಆ ಕಾದಂಬರಿಯನ್ನು ಲಿಫ್ಟಿನ ಸ್ಟೂಲಿನ ಮೇಲೆ ಕೂತು ಓದುತ್ತ, ನಾಲ್ಕನೆಯ ಮಹಡಿಯವರನ್ನು ಆರಕ್ಕೆ ಒಯ್ದದ್ದು ಅವರ ಉದ್ಯೋಗದ ಒಂದೇ ಕಪ್ಪುಚುಕ್ಕೆ.

ಬುಧವಾರ ಸಂಜೆ, ದೀಪ ಹಚ್ಚುವ ಮೊದಲು, ಹೆಜ್ಜೆಯಮ್ಮ ಷೂ ಪೆಟ್ಟಿಗೆಯನ್ನು ತಂದು ಗಂಡನ ಮುಂದೆ ಇಡುತ್ತಾರೆ.

"ಇದೆಲ್ಲ ಸುಳ್ಳು ಕಣ್ರೀ."

"ಯಾವುದೇ?"

"ಇವರೆಲ್ಲ ಬರೆದಿರೋದು. ಹದಿನಾಲ್ಕನೇ ಹೆಜ್ಜೆನ ಯಾರೂ ತೆಗೀಲಿಲ್ಲ, ಯಾರೂ ನುಂಗಲಿಲ್ಲ. ನಾನು ಹಾಕ್ಲೇ ಇಲ್ಲ. ಎಣಿಸೋದು ತಪ್ಪಿದ್ದೆ."

ಮುದುಕ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

"ಐವತ್ತನಾಲ್ಕು ವರ್ಷ ನನ್ನ ಹತ್ರನೂ ಬಾಯಿ ಬಿಡಲಿಲ್ಲವಲ್ಲೇ ಮಹರಾಯ್ತಿ! ನಾನು ಎರಡು ಮಹಡಿ ತಪ್ಪಿಸಿದ್ದನ್ನ ಮಾತ್ರ ಊರಿಗೆಲ್ಲ ಸಾರ್ಕೊಂಡು ಬಂದೆ."

"ನೀವು ಎರಡು. ನಾನು ಒಂದೇ."

"ಹೌದೌದು, ಅದರಲ್ಲೂ ನೀನೇ ಮೇಲು." ನಕ್ಕು ಮುಗಿಸಿದ ಮೇಲೆ ಅವರು ಹೆಂಡತಿಯ ಮುಖ ನೋಡುತ್ತಾರೆ. ಅಲ್ಲಿ ನಗುವಿಲ್ಲ. "ಈಗೇನು, ಹೇಳ್ಬೇಕು ಅಂತಿದೀಯಾ? ಕೆಲಸ ಹೋದ್ರೆ?"

"ಆ ಸಿನಿಮಾನ ನಾನು ಎಷ್ಟು ಸಲ ನೋಡಿದೀನಿ ಹೇಳಿ. ಕೇಳದೇ ಇರೋದನ್ನ ಕೇಳಿದೆ ಅಂತ ಹೇಳಿದ ಆ ಗುಮಾಸ್ತನ ಗತಿ ಏನಾಯ್ತು? ಹಾಕದೇ ಇರೋ ಹೆಜ್ಜೆನ ಹಾಕಿದ್ದೆ ಅಂತ ನಾನು ಕಾಗದದ ಮೇಲೆ ರುಜು ಮಾಡ್ಲಾ?"

ಗಂಡ ಪೆಟ್ಟಿಗೆಯ ಮುಚ್ಚಳ ಮುಚ್ಚುತ್ತಾರೆ. "ನಾಳೆ ನಾನೂ ಬರ್ತೀನಿ" ಎನ್ನುತ್ತಾರೆ.

ಗುರುವಾರ ಬೆಳಿಗ್ಗೆ ಮುನ್ನೂರ ಐವತ್ತು ಹೆಜ್ಜೆಗಳು ಮುಗಿದ ಮೇಲೆ ಕೋಣೆಯಲ್ಲಿ ಐವರಿದ್ದಾರೆ: ಹೆಜ್ಜೆಯಮ್ಮ, ಪತಿ, ಧ್ವನಿಮುದ್ರಕ, ದುರಸ್ತಿಗಾರ್ತಿ, ಮತ್ತು ಸುದ್ದಿ ಕೇಳಿ ಬಂದ ಮಾಲೀಕರು. ಹೆಜ್ಜೆಯಮ್ಮ ಭಾಷಣ ಮಾಡುವುದಿಲ್ಲ. ಕಪಾಟಿನಿಂದ ಷೂಗಳನ್ನು ಇಳಿಸಿ ನೆಲದ ಮೇಲೆ ಒಂದರ ಮುಂದೊಂದು ಸಾಲಾಗಿ ಇಡುತ್ತ ಹೋಗುತ್ತಾರೆ. ಹದಿನಾಲ್ಕು.

"ಇವು ಮೆಟ್ಟಿಲು ಅಂದ್ಕೊಳ್ಳಿ. ಅವತ್ತು ಸೆಟ್ಟಿನ ಮರದ ಮೆಟ್ಟಿಲನ್ನೇ ತಂದು ಕೋಣೇಲಿ ನಿಲ್ಲಿಸಿದ್ರು. ಮೊದಲು ನಾನು ನೆಲದ ಮೇಲಿಂದ ಹತ್ತಿದೆ. ಕಾಲೆತ್ತಿದ ತಕ್ಷಣ ನೆಲದ ಹಲಗೆ ಕಿರ್ ಅಂತು. ಆಗಿನ ಧ್ವನಿಮುದ್ರಕರು ಬೈದ್ರು. ಮೊದಲನೇ ಮೆಟ್ಟಿಲ ಮೇಲೇ ನಿಂತ್ಕೊಂಡು ಶುರು ಮಾಡು ಅಂದ್ರು. ನಿಂತ್ಕೊಂಡೆ."

ಅವರು ಮೊದಲ ಷೂವಿನ ಮೇಲೆ ಅಂಗೈ ಇಡುತ್ತಾರೆ. "ಮನಸ್ಸಲ್ಲಿ ಒಂದು ಅಂದೆ. ಸದ್ದಾಗಲಿಲ್ಲ, ಯಾಕಂದ್ರೆ ಆಗಲೇ ನಿಂತಿದ್ದೆ." ಎರಡನೆಯ ಷೂವನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. "ಎರಡು." ಮೂರನೆಯದನ್ನು ತಟ್ಟುತ್ತಾರೆ. ಮಂಡಿಯೂರಿ, ನೋವಿಗೆ ಹಲ್ಲು ಕಚ್ಚಿ, ಸಾಲಿನ ಕೊನೆಯವರೆಗೆ ತಟ್ಟುತ್ತ ಹೋಗುತ್ತಾರೆ. ಅವರ ಬಾಯಿ ಹದಿನಾಲ್ಕು ಎಂದಾಗ ದುರಸ್ತಿಗಾರ್ತಿಯ ಕಾಗದದ ಮೇಲೆ, ಸದ್ದಿಗೊಂದರಂತೆ, ಬಿದ್ದಿರುವ ಗೆರೆಗಳು ಹದಿಮೂರು.

"ಎಷ್ಟು ಅಂತ ನಿರ್ದೇಶಕರು ಕೇಳಿದ್ರು. ಹದಿನಾಲ್ಕು ಅಂದೆ. ಸರಿಯಾಗಿ ಎಣಿಸಿದ್ಯಾ ಅಂದ್ರು. ಎಣಿಸಿದೆ ಅಂದೆ. ಸಂಜೆ ನಮ್ಮ ಮನೆ ಮೆಟ್ಟಿಲ ಮೇಲೆ ಕಾಲಿಟ್ಟಾಗ, ಮೊದಲನೇ ಸದ್ದು ಕೇಳಿ ತಪ್ಪು ಗೊತ್ತಾಯ್ತು. ಮಾರನೇ ದಿನ ಹೇಳೋಣ ಅಂತಲೇ ಬಂದೆ. ಅಷ್ಟರಲ್ಲಿ ಚಿತ್ರಕ್ಕೆ ಸದ್ದು ಕೂಡಿಸಿ ನೋಡ್ತಾ ಕೂತಿದ್ರು. ಆ ಜಾಗ ಬಂತು. ಯಾರೂ ಮಿಸುಕಲಿಲ್ಲ. ನಿರ್ದೇಶಕರು ಕೈಯೆತ್ತಿ, ಯಾರೂ ಇದನ್ನ ಮುಟ್ಟಬೇಡಿ ಅಂದ್ರು. ನನಗೆ ಖಾಯಂ ಕೆಲಸ ಸಿಕ್ಕಿದ್ದು ಆವತ್ತೇ. ಬಾಯಿಗೆ ಬೀಗ ಹಾಕ್ಕೊಂಡೆ."

ದುರಸ್ತಿಗಾರ್ತಿ ಗೆರೆಗಳನ್ನು ಮತ್ತೊಮ್ಮೆ ಎಣಿಸುತ್ತಾರೆ. ಪೆನ್ಸಿಲ್ ಕೊನೆಯ ಗೆರೆಯ ಮೇಲೆ ನಿಲ್ಲುತ್ತದೆ.

"ಹಾಗಾದ್ರೆ ಇಲ್ಲದೇ ಇರೋದು ಕೊನೇ ಹೆಜ್ಜೆ ಅಲ್ಲ."

"ಅಲ್ಲ. ಮೊದಲನೇದು."

"ಅಂದ್ರೆ ಹದಿಮೂರನೇ ಸದ್ದು ಕೇಳಿಸಿದಾಗ..."

"ಬರೋನು ಮೇಲಿದ್ದಾನೆ, ಬಾಗಿಲ ಹೊರಗೇ. ಗುಮಾಸ್ತ ಇನ್ನೊಂದು ಹೆಜ್ಜೆಗೆ ಕಾಯ್ತಾ ಕೂತಿದ್ದಾನೆ. ಬಂದೋನು ಆಗಲೇ ಬಂದಾಗಿದೆ. ನೀವು ಇನ್ನೊಂದು ಸೇರಿಸಿದ್ರೆ ಅವನು ಗೋಡೆಗೆ ಡಿಕ್ಕಿ ಹೊಡೀಬೇಕು."

ದುರಸ್ತಿಗಾರ್ತಿ ತೋಳನ್ನು ಉಜ್ಜಿಕೊಳ್ಳುತ್ತಾರೆ. ಹದಿನಾಲ್ಕು ತಿಂಗಳು ಚೌಕ ಚೌಕವಾಗಿ ನೋಡಿದ ಚಿತ್ರವನ್ನು ಅವರು ಮೊದಲ ಸಲ ಕೇಳಿಸಿಕೊಂಡಂತಿದೆ. ಕಡತದಲ್ಲಿ ಎರಡು ಸಾಲು ಬರೆಯುತ್ತಾರೆ: ಹಾಕಿದ ಹೆಜ್ಜೆ ಹದಿಮೂರು; ಏನನ್ನೂ ಸೇರಿಸತಕ್ಕದ್ದಲ್ಲ. ಹೆಜ್ಜೆಯಮ್ಮ ಕೆಳಗೆ ರುಜು ಮಾಡುತ್ತಾರೆ. ಬರವಣಿಗೆ ದುಂಡಗಿದೆ.

ಆಮೇಲೆ ಅವರು ಮಾಲೀಕರತ್ತ ತಿರುಗುತ್ತಾರೆ. "ಬಾಗಿಲ ಬೋರ್ಡು ತೆಗೆಸಿಬಿಡಿ ಸ್ವಾಮಿ. ನಿಮ್ಮ ತಂದೆಯೋರಿಗೆ ನಾನು ಹೇಳ್ಬೇಕಾಗಿತ್ತು. ಆಗ್ಲಿಲ್ಲ."

ಮಾಲೀಕರು ಕಡಮೆ ಮಾತಿನವರು. ಕಿಟಕಿಯಾಚೆ ಲಾರಿ ಹಾದು ಗಾಜಿನ ನಡುಕ ನಿಲ್ಲುವವರೆಗೆ ಕಾಯುತ್ತಾರೆ.

"ಐವತ್ತನಾಲ್ಕು ಲಕ್ಷಕ್ಕೆ ಒಂದು" ಎನ್ನುತ್ತಾರೆ. "ನನ್ನ ಯಂತ್ರ ಮೊನ್ನೆ ಒಂದೇ ರೀಲಿನಲ್ಲಿ ಹನ್ನೊಂದು ತಪ್ಪಿಸ್ತು. ಅದು ತಾನಾಗಿ ಬಂದು ಹೇಳಲೂ ಇಲ್ಲ." ಬಾಗಿಲವರೆಗೆ ಹೋದವರು ಹಿಂತಿರುಗಿ, "ಮಾರ್ಚಿವರೆಗೆ ಇರಿ. ಆಮೇಲಿಂದು ಆಮೇಲೆ ನೋಡೋಣ" ಎನ್ನುತ್ತಾರೆ. ಅವರ ಬಾಯಿಂದ ಇದಕ್ಕಿಂತ ಹೆಚ್ಚಿನದನ್ನು ಈ ಕಟ್ಟಡದಲ್ಲಿ ಯಾರೂ ನಿರೀಕ್ಷಿಸುವುದಿಲ್ಲ. ಧ್ವನಿಮುದ್ರಕ ಗಾಜಿನ ಹಿಂದೆ ಹೋಗಿ ಜೋರಾಗಿ ಮೂಗು ಒರೆಸಿಕೊಳ್ಳುತ್ತಾನೆ. ಯಂತ್ರ ಚಾಲೂ ಇದ್ದುದರಿಂದ ಅದೂ ಮುದ್ರಣವಾಗುತ್ತದೆ.

ಶುಚಿಯಾದ ಚಿತ್ರ ಏಪ್ರಿಲಿನಲ್ಲಿ ತೆರೆಗೆ ಬರಲಿದೆ. ಹೆಜ್ಜೆಯಮ್ಮನಿಗೆ ಇರುವ ಆಸೆ ಸಣ್ಣದು: ಥಿಯೇಟರಿನಲ್ಲಿ ಎಲ್ಲರ ಹಿಂದಿನ ಸಾಲಿನಲ್ಲಿ, ಗಂಡನ ಪಕ್ಕದಲ್ಲಿ ಕೂರಬೇಕು. "ತೆರೆ ನೋಡಕ್ಕಲ್ಲ. ಹದಿಮೂರು ಆದ್ಮೇಲೆ ಜನರ ಹೆಗಲು ನೋಡ್ಬೇಕು. ಯಾವ ಹೆಗಲು ಮೊದಲು ಏಳತ್ತೆ ಅಂತ."

ದುರಸ್ತಿಗಾರ್ತಿ ಹೊರಡುವ ಮುನ್ನ ಇನ್ನೊಂದು ಮಾತು ಕೇಳುತ್ತಾರೆ. ಚಿತ್ರಕ್ಕೆ ಬೇಡ; ಸುಮ್ಮನೆ ಭಂಡಾರದಲ್ಲಿಡಲು, ಆ ಲಾಳದ ಷೂವಿನಲ್ಲಿ ಉಳಿದ ಒಂದು ಹೆಜ್ಜೆಯನ್ನು ಹಾಕಿಕೊಡಬಹುದೇ? ಹೆಜ್ಜೆಯಮ್ಮ ಸಾಲಿನಿಂದ ಮೊದಲ ಷೂವನ್ನು, ಆ ಲಾಳದ ಷೂವನ್ನೇ, ಎತ್ತಿಕೊಳ್ಳುತ್ತಾರೆ. ಅಟ್ಟೆಯನ್ನು ಅಪ್ಪನಂತೆ ಬೆರಳಿನಿಂದ ಒಮ್ಮೆ ಸವರುತ್ತಾರೆ. ತಟ್ಟುವುದಿಲ್ಲ. ಕಪಾಟಿನ ಮೇಲಿನ ಅಂತಸ್ತಿನಲ್ಲಿ, ಅದರ ಜೊತೆಯ ಪಕ್ಕದಲ್ಲಿ, ಸದ್ದಾಗದಂತೆ ಇಡುತ್ತಾರೆ.

"ಬೇಡಮ್ಮ. ಒಂದು ಬಾಕಿ ಇದೆ, ಇರಲಿ. ಅದನ್ನ ತೀರಿಸಿಬಿಟ್ರೆ ಆ ಗುಮಾಸ್ತ ಎದ್ದು ಹೋಗಿ ಬಾಗಿಲು ತೆಗೆಯಲ್ಲ."